ಕಾಟಕಾಯಿಯೋ, ಸ್ವಾತಂತ್ರ್ಯದ ಹೋರಾಟವೋ? ಅಮರ ಸುಳ್ಯ ಸೀಮೆಯ ಜನರ ಕಥೆ



ದರ್ಬೆಯ ವೃತ್ತದಲ್ಲಿ ಬೆಳಗ್ಗೆ ಎಂಟೂವರೆಯ ಹೊತ್ತಿಗೆ ನಿಂತರೆ ನಮ್ಮ ನಾಡಿನ ಅರ್ಧ ಪರಿಚಯ ಅಲ್ಲಿಯೇ ಆಗುತ್ತದೆ. ಸುಳ್ಯದ ಕಡೆಯಿಂದ ಬರುವ ಬಸ್ಸು, ಕಾಣಿಯೂರಿನ ಕಡೆಯಿಂದ ಬರುವ ಬಸ್ಸು, ಎರಡೂ ತುಂಬಿರುತ್ತವೆ. ಮೊನ್ಸಿಂಜೊರ್ ಆಂಟನಿ ಪತ್ರಾವೊ ಅವರು 1958ರಲ್ಲಿ ಇಲ್ಲಿ ಸಂತ ಫಿಲೋಮಿನಾ ಕಾಲೇಜನ್ನು ಆರಂಭಿಸಿದಂದಿನಿಂದ ಮಲೆಯ ಮಗ್ಗುಲಿನ ಹಳ್ಳಿಗಳ ಮಕ್ಕಳು ಹೀಗೆಯೇ ಇಳಿದು ಬರುತ್ತಿದ್ದಾರೆ. ಬಸ್ಸಿನಿಂದ ಇಳಿಯುವಾಗ ಅವರ ಬಾಯಲ್ಲಿ ತುಳು ಇರುತ್ತದೆ, ಕೊಂಕಣಿ, ಮಲಯಾಳಂ, ಬ್ಯಾರಿ, ಹವ್ಯಕ ಇರುತ್ತವೆ. ಇವೆಲ್ಲದರ ಜೊತೆಗೆ ಇನ್ನೊಂದು ಮಾತೂ ಕಿವಿಗೆ ಬೀಳುತ್ತದೆ. ಕೇಳಿದರೆ ಕನ್ನಡದಂತಿದೆ, ಆದರೆ ಪುಸ್ತಕದ ಕನ್ನಡವಲ್ಲ. ತುಳುವಿನ ರಾಗವಿದೆ, ಆದರೆ ತುಳುವೂ ಅಲ್ಲ. ಅದೇ ಅರೆಭಾಷೆ. ಸುಳ್ಯ, ಕಡಬದ ಮಲೆ ಹಳ್ಳಿಗಳಲ್ಲಿಯೂ ಘಟ್ಟದ ಮೇಲೆ ಮಡಿಕೇರಿಯ ಸುತ್ತಿನಲ್ಲಿಯೂ ಗೌಡ ಸಮುದಾಯದ ಮನೆಮಾತು ಅದು.

ಈ ಜನ ನಮ್ಮ ಬೇಲಿಯಾಚೆಯ ನೆರೆಯವರು. ನಮ್ಮ ಅಡಿಕೆ ತೋಟಕ್ಕೂ ಅವರ ಅಡಿಕೆ ತೋಟಕ್ಕೂ ನೀರು ಒಂದೇ ಹೊಳೆಯದು. ಮೊಂತಿ ಹಬ್ಬದಲ್ಲಿ ನಾವು ಹೊಸ ತೆನೆಯನ್ನು ಮನೆಗೆ ತಂದು ಊಟ ಮಾಡುವಂತೆ ಅವರೂ ಹೊಸ ಅಕ್ಕಿಯ ಊಟ ಮಾಡುತ್ತಾರೆ. ಆದರೂ ಅವರ ಚರಿತ್ರೆ ನಮಗೆಷ್ಟು ಗೊತ್ತು? ನಮ್ಮ ಬಾಲ್ಯದಲ್ಲಿ ಆ ಚರಿತ್ರೆಯ ಒಂದೇ ಒಂದು ಪದ ನಮ್ಮ ಕಿವಿಗೆ ಬಿದ್ದಿತ್ತು. ಅದೂ ಬೈಗುಳವಾಗಿ. ಮನೆಯಲ್ಲಿ ನಾವು ಮಕ್ಕಳು ಗಲಾಟೆ ಎಬ್ಬಿಸಿ ವಸ್ತುಗಳನ್ನೆಲ್ಲ ಚೆಲ್ಲಾಪಿಲ್ಲಿ ಮಾಡಿದಾಗ ಹಿರಿಯರು, "ಇದೇನು ಕಲ್ಯಾಣಪ್ಪನ ಕಾಟಕಾಯಿಯೋ?" ಎನ್ನುತ್ತಿದ್ದರು. ಕಾಟಕಾಯಿ ಎಂದರೆ ಸೂರೆ, ಲೂಟಿ, ದಾಂಧಲೆ. ಆ ಕಲ್ಯಾಣಪ್ಪ ಯಾರು, ಅವನ ಜೊತೆ ಬಂದವರು ಯಾರು, ಏಕೆ ಬಂದರು ಎಂದು ನಾವು ಕೇಳಲಿಲ್ಲ. ಯಾರೂ ಹೇಳಲೂ ಇಲ್ಲ. ಇಂದು ಆ ಪ್ರಶ್ನೆಯನ್ನು ತಡವಾಗಿಯಾದರೂ ಕೇಳೋಣ ಎಂಬುದು ನಮ್ಮ ಅಪೇಕ್ಷೆ.

ಮಲೆಯ ಸೀಮೆ, ಮಲೆಯ ಜನ

ಸುಳ್ಯದ ಸೀಮೆ ಘಟ್ಟದ ಬುಡದಲ್ಲಿದೆ. ಪಯಸ್ವಿನಿ ಹೊಳೆ ಘಟ್ಟದಿಂದ ಇಳಿದು ಸುಳ್ಯವನ್ನು ಹಾದು ಕಾಸರಗೋಡಿನತ್ತ ಹೋಗಿ ಚಂದ್ರಗಿರಿಯಾಗುತ್ತದೆ. ಕುಮಾರಧಾರೆ ಸುಬ್ರಹ್ಮಣ್ಯದ ಬೆಟ್ಟಗಳಿಂದ ಇಳಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಈ ಎರಡು ನೀರಿನ ನಡುವೆ, ಪೂಮಲೆಯಂತಹ ಕಾಡುಗುಡ್ಡಗಳ ಸೆರಗಿನಲ್ಲಿ, ಗದ್ದೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಜನ ಬದುಕಿದರು. ತಮ್ಮ ಹಿರಿಯರು ಘಟ್ಟದ ಮೇಲಿನ ಐಗೂರು ಸೀಮೆಯಿಂದ ಇಳಿದು ಬಂದವರೆಂದು ಗೌಡರ ಮನೆತನಗಳು ಹೇಳಿಕೊಳ್ಳುತ್ತವೆ. ಹತ್ತು ಕುಟುಂಬ, ಹದಿನೆಂಟು ಗೋತ್ರ ಎಂಬ ಲೆಕ್ಕವನ್ನು ಅವರು ಇಂದಿಗೂ ಮದುವೆಯ ಮಾತುಕತೆಯಲ್ಲಿ ಮರೆಯುವುದಿಲ್ಲ. ಮೇಲಿನಿಂದ ತಂದ ಕನ್ನಡ, ಕೆಳಗೆ ಸಿಕ್ಕಿದ ತುಳು, ಎರಡೂ ಕೂಡಿ ತಲೆಮಾರುಗಳಲ್ಲಿ ಬೆಳೆದದ್ದು ಅವರ ಮಾತು.

ರಾಜಕೀಯವಾಗಿ ಈ ಸೀಮೆ ಮಂಗಳೂರಿನ ಕಡೆಗಲ್ಲ, ಮಡಿಕೇರಿಯ ಕಡೆಗೆ ಮುಖ ಮಾಡಿತ್ತು ಎಂಬುದನ್ನು ನಾವು ಮೊದಲು ತಿಳಿಯಬೇಕು. ಅಮರ ಸುಳ್ಯದ ಮಾಗಣೆಗಳು ಇಕ್ಕೇರಿ ಅರಸರಿಂದ ಕೊಡಗಿನ ಹಾಲೇರಿ ಅರಸರ ಕೈಗೆ ಬಂದಿದ್ದವು. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ, ತಮಗೆ ನೆರವಾದ ದೊಡ್ಡ ವೀರರಾಜೇಂದ್ರನಿಗೆ ಕಂಪೆನಿ ಸರಕಾರ ಪಂಜ, ಬೆಳ್ಳಾರೆ ಮುಂತಾದ ಕಡೆಯ ಗ್ರಾಮಗಳನ್ನೂ ಬಿಟ್ಟುಕೊಟ್ಟಿತು. ಹೀಗೆ ಇಂದಿನ ಸುಳ್ಯ, ಪುತ್ತೂರು ಭಾಗದ ಎಷ್ಟೋ ಹಳ್ಳಿಗಳಿಗೆ ಅರಸನಿದ್ದದ್ದು ಘಟ್ಟದ ಮೇಲೆ.

ಅರಸನಿಗೆ ತೆರಿಗೆ ಸಲ್ಲುತ್ತಿದ್ದದ್ದು ಬಹುಪಾಲು ಬೆಳೆಯ ರೂಪದಲ್ಲಿ. ಭತ್ತ ಬೆಳೆದವನು ಭತ್ತವನ್ನು ಅಳೆದು ಕೊಟ್ಟರೆ ಮುಗಿಯಿತು. ಈ ಒಂದು ಸಂಗತಿಯನ್ನು ದಯವಿಟ್ಟು ನೆನಪಿಡಿ. ಮುಂದಿನ ಕಥೆಯೆಲ್ಲ ಇದರ ಮೇಲೆಯೇ ನಿಂತಿದೆ.

ಭತ್ತದ ಬದಲು ಬೆಳ್ಳಿ

1834ರ ಏಪ್ರಿಲ್‌ನಲ್ಲಿ ಕಂಪೆನಿಯ ಸೈನ್ಯ ಕೊಡಗನ್ನು ಹೊಕ್ಕಿತು. ಚಿಕ್ಕ ವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿ ಕಾಶಿಗೆ ಕಳುಹಿಸಲಾಯಿತು. ಅವನು ಪ್ರಜೆಗಳಿಗೆ ತಂದೆಯಂತಿದ್ದ ಅರಸನೇನಲ್ಲ; ಅವನ ಕ್ರೌರ್ಯದ ಕಥೆಗಳು ಬಹಳ. ಆದರೆ ಅರಸನನ್ನು ಇಳಿಸಿದ ಕಂಪೆನಿ ಇನ್ನೊಂದು ಕೆಲಸ ಮಾಡಿತು. ಅಮರ ಸುಳ್ಯ, ಪುತ್ತೂರು ಮತ್ತು ಬಂಟ್ವಾಳದ ಒಂದು ಭಾಗ, ಒಟ್ಟು ಸುಮಾರು 110 ಗ್ರಾಮಗಳನ್ನು ಕೊಡಗಿನಿಂದ ಕತ್ತರಿಸಿ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿಸಿತು. ಆ ಗ್ರಾಮಗಳ ಜನರನ್ನು ಯಾರೂ ಕೇಳಲಿಲ್ಲ.

ಕಾಗದದ ಮೇಲೆ ಇದು ಗಡಿಯ ಸಣ್ಣ ತಿದ್ದುಪಡಿ. ರೈತನ ಅಂಗಳದಲ್ಲಿ ಅದು ಬೇರೆಯೇ ಆಗಿ ಕಂಡಿತು. ಕಂಪೆನಿಯ ಆಡಳಿತದಲ್ಲಿ ತೆರಿಗೆಯನ್ನು ನಗದಿನಲ್ಲಿ ಕಟ್ಟಬೇಕು. ನಾಣ್ಯವೆಂಬುದು ಹಳ್ಳಿಯಲ್ಲಿ ಹುಟ್ಟುವ ವಸ್ತುವಲ್ಲ. ಕಂತಿನ ದಿನ ಬಂದಾಗ ಎಲ್ಲರೂ ಒಟ್ಟಿಗೆ ಭತ್ತವನ್ನು ಮಾರಲು ಹೊರಡುತ್ತಾರೆ. ಎಲ್ಲರೂ ಮಾರುವ ದಿನ ಬೆಲೆ ಬೀಳುತ್ತದೆ. ಘಟ್ಟದ ಬುಡದಿಂದ ಪೇಟೆಗೆ ಹೊತ್ತು ತರುವ ಶ್ರಮ ಬೇರೆ. ಸಾಲದಿದ್ದರೆ ಸಾಹುಕಾರನ ಮನೆ, ಬಡ್ಡಿ, ಕೊನೆಗೆ ಅಡವಿಟ್ಟ ಗದ್ದೆ. ತೆರಿಗೆಯ ಮೊತ್ತ ಹೆಚ್ಚದಿದ್ದರೂ ತೆರುವ ಬಗೆ ಬದಲಾದದ್ದರಿಂದಲೇ ಹೊರೆ ಹೆಚ್ಚಿತು. ಜೊತೆಗೆ ಉಪ್ಪು ಮತ್ತು ತಂಬಾಕಿನ ಮೇಲೆ ಕಂಪೆನಿಯ ಏಕಸ್ವಾಮ್ಯವಿತ್ತು. ಕರಾವಳಿಯ ರೈತರು ಇದೇ ಬೇಗೆಯಲ್ಲಿ 1830-31ರಲ್ಲಿ ಕೂಟ ಸೇರಿ ತೆರಿಗೆ ಕೊಡುವುದಿಲ್ಲವೆಂದು ನಿಂತಿದ್ದರು. ಈಗ ಮಲೆಯ ಜನರ ಸರದಿ ಬಂತು.

ಇಂದು ಅಡಿಕೆಯ, ರಬ್ಬರಿನ ಬೆಲೆ ಬಿದ್ದ ವರ್ಷ ನಮ್ಮ ಕುಟುಂಬಗಳು ಪಡುವ ಪಾಡು ನಮಗೆ ಗೊತ್ತಿದೆ. ಸಾಲದ ಕಂತಿಗೆ ಬೆಲೆ ಬಿದ್ದದ್ದು ತಿಳಿಯುವುದಿಲ್ಲ. ಆದ್ದರಿಂದ 1834ರ ರೈತನ ಸಂಕಟ ನಮಗೆ ಅರ್ಥವಾಗದ ಸಂಗತಿಯೇನಲ್ಲ.

1837ರ ಬೇಸಿಗೆ

ಪದಚ್ಯುತ ಅರಸು ಮನೆತನದ ಹೆಸರಿನಲ್ಲಿ ಮೊದಲು ಅಪರಂಪಾರ ಎಂಬವನು, ಆಮೇಲೆ ಕಲ್ಯಾಣಸ್ವಾಮಿ ಎಂಬವನು ಜನರನ್ನು ಎಬ್ಬಿಸಲು ನೋಡಿದರು. ಇಬ್ಬರೂ ಸೆರೆಯಾದರು. ಆದರೆ ಹೆಸರು ಸೆರೆಯಾಗಲಿಲ್ಲ. ಶನಿವಾರಸಂತೆಯ ಕಡೆಯ ಪುಟ್ಟಬಸಪ್ಪ ಎಂಬ ರೈತನನ್ನೇ ಕಲ್ಯಾಣಸ್ವಾಮಿಯೆಂದು ಕರೆದು ಮುಂದೆ ನಿಲ್ಲಿಸಿದರು. ಸುಳ್ಯ ಸೀಮೆಯಲ್ಲಿ ಇದರ ಹಿಂದೆ ನಿಂತವನು ಕೆದಂಬಾಡಿ ರಾಮಯ್ಯ ಗೌಡ. ಘಟ್ಟದ ಮೇಲೆ ಗುಡ್ಡೆಮನೆ ಅಪ್ಪಯ್ಯ ಗೌಡ. ಉಬರಡ್ಕ ಮಿತ್ತೂರಿನಲ್ಲಿ ಮದುವೆಯ ನೆಪದಲ್ಲಿ ಜನರನ್ನು ಸೇರಿಸಿದರೆಂದು ಊರವರು ಹೇಳುತ್ತಾರೆ. ಆ ಸ್ಥಳವನ್ನು ಇಂದಿಗೂ ಮದುವೆಗದ್ದೆ ಎಂದೇ ಕರೆಯುತ್ತಾರೆ.

1837ರ ಮಾರ್ಚ್ ತಿಂಗಳ ಕೊನೆಯಲ್ಲಿ ದಂಡು ಹೊರಟಿತು. ಕಂಪೆನಿಯ ಪರವಾಗಿ ಜನರನ್ನು ಹಿಂಸಿಸಿದನೆಂಬ ಆಪಾದನೆ ಹೊತ್ತಿದ್ದ ಅಟ್ಲೂರು ರಾಮಪ್ಪಯ್ಯನು ಮೊದಲು ಹತನಾದನು. ಬೆಳ್ಳಾರೆಯ ಖಜಾನೆ ದಂಡಿನ ವಶವಾಯಿತು. ಕಲೆಕ್ಟರ್ ಲೆವಿನ್ ಸಣ್ಣ ಪಡೆಯೊಂದನ್ನು ಕಟ್ಟಿಕೊಂಡು ನಮ್ಮ ಪುತ್ತೂರಿನವರೆಗೆ ಬಂದು, ಎದುರಿನ ಸಂಖ್ಯೆಯನ್ನು ನೋಡಿ ಮಂಗಳೂರಿಗೆ ಹಿಮ್ಮೆಟ್ಟಿದನು. ದಾರಿಯುದ್ದಕ್ಕೂ ಜನ ಸೇರಿಕೊಂಡರು. ನಂದಾವರದ ಲಕ್ಷ್ಮಪ್ಪ ಬಂಗರಸನಂತಹ ಹಳೆಯ ಜೈನ ಅರಸುಮನೆತನದವರೂ ಕೂಡಿದರು. ಏಪ್ರಿಲ್ 5ರಂದು ದಂಡು ಮಂಗಳೂರನ್ನು ಹೊಕ್ಕಿತು. ಇಂದು ಲೈಟ್‌ಹೌಸ್ ಹಿಲ್ ಎನ್ನುವ ಗುಡ್ಡದ ಮೇಲೆ ತಮ್ಮ ಬಾವುಟವನ್ನು ಏರಿಸಿದರು. ಅದಕ್ಕೇ ಅದು ಬಾವುಟಗುಡ್ಡೆ. ಮಂಗಳೂರು ಹದಿಮೂರು ದಿನ ಅವರ ಕೈಯಲ್ಲಿತ್ತೆಂಬುದು ರೂಢಿಯ ಲೆಕ್ಕ.

ಆ ಮೇಲೆ ಕಣ್ಣಾನೂರು, ತಲಚೇರಿ ಕಡೆಯಿಂದ ಸಮುದ್ರದ ಮಾರ್ಗವಾಗಿ ಸೈನ್ಯ ಬಂತು. ಬಂದೂಕು, ಫಿರಂಗಿಗಳ ಮುಂದೆ ಕತ್ತಿ ಕೋವಿಗಳ ರೈತರ ದಂಡು ನಿಲ್ಲಲಿಲ್ಲ. ಮುಖಂಡರು ಒಬ್ಬೊಬ್ಬರಾಗಿ ಸಿಕ್ಕಿಬಿದ್ದರು. ಪುಟ್ಟಬಸಪ್ಪನನ್ನೂ ಲಕ್ಷ್ಮಪ್ಪ ಬಂಗರಸನನ್ನೂ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರೆಂದು ಮಂಗಳೂರಿನ ಜನ ಇಂದಿಗೂ ಸ್ಥಳ ತೋರಿಸಿ ಹೇಳುತ್ತಾರೆ. ಗುಡ್ಡೆಮನೆ ಅಪ್ಪಯ್ಯ ಗೌಡನನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ಮನೆಯವರ ಕಣ್ಣೆದುರೇ ಗಲ್ಲಿಗೇರಿಸಲಾಯಿತು. ಇನ್ನು ಕೆಲವರನ್ನು ಸಮುದ್ರದಾಚೆಗೆ ಗಡೀಪಾರು ಮಾಡಿದರು. ಕಂಪೆನಿಯ ಪರವಾಗಿ ನಿಂತ ಕೊಡಗಿನ ಮುಖಂಡರಿಗೆ ಬಂಗಾರದ, ಬೆಳ್ಳಿಯ ಪದಕಗಳು ದೊರೆತವು. ಅಂದರೆ ಮಲೆಯ ಜನರೆಲ್ಲ ಒಂದೇ ಕಡೆಗಿದ್ದರು ಎಂದೂ ಹೇಳುವಂತಿಲ್ಲ. ಮೀರತ್ತಿನಲ್ಲಿ ಸಿಪಾಯಿಗಳು ದಂಗೆಯೇಳುವುದಕ್ಕೆ ಇನ್ನೂ 20 ವರ್ಷಗಳಿದ್ದವು.

ದೂರದ ಒಂದು ಮಲೆನಾಡು

ಇಂತಹ ಕಥೆ ನಮ್ಮಲ್ಲಿ ಮಾತ್ರ ನಡೆಯಿತೇ? ಸ್ವಲ್ಪ ದೂರ ಹೋಗಿ ಬರೋಣ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಆಂಡಿಸ್ ಪರ್ವತದ ಎತ್ತರದ ಹಳ್ಳಿಗಳಿವೆ. ಅಲ್ಲಿಯ ಜನರ ಮಾತು ಕ್ವೆಚುವಾ. 2017ರ ಜನಗಣತಿಯಲ್ಲಿ ಸುಮಾರು 37 ಲಕ್ಷ ಜನ ಅದನ್ನು ತಮ್ಮ ತಾಯಿಮಾತೆಂದು ಬರೆಸಿದ್ದಾರೆ. ಅಲ್ಲಿಯ ಕುಸ್ಕೊ ಪಟ್ಟಣದ ದಕ್ಷಿಣಕ್ಕೆ ತಿಂತಾ ಎಂಬ ಸೀಮೆ. ಸ್ಪೇನಿನ ಅಧಿಕಾರಿಗಳು ಅಲ್ಲಿಯ ರೈತರಿಗೆ ಬೇಡದ ಸರಕನ್ನು ಬಲವಂತವಾಗಿ ಹೆಚ್ಚಿನ ಬೆಲೆಗೆ ಹೊರಿಸುತ್ತಿದ್ದರು. ಪೊತೋಸಿಯ ಬೆಳ್ಳಿಯ ಗಣಿಗೆ ಬಿಟ್ಟಿ ದುಡಿಮೆಗೆ ಎಳೆದೊಯ್ಯುತ್ತಿದ್ದರು. 1780ರ ನವೆಂಬರ್ 4ರಂದು ಹೊಸೆ ಗಾಬ್ರಿಯೆಲ್ ಕೊಂದೊರ್ಕಾಂಕಿ ಎಂಬ ಊರಿನ ಮುಖ್ಯಸ್ಥನು ಆ ಸೀಮೆಯ ಅಧಿಕಾರಿ ಅರ್ರಿಯಾಗನನ್ನು ಸೆರೆಹಿಡಿದು, ಆರು ದಿನಗಳ ನಂತರ ಗಲ್ಲಿಗೇರಿಸಿದನು. ಸ್ಪೇನಿನವರು 1572ರಲ್ಲಿ ಕೊಂದಿದ್ದ ಕೊನೆಯ ಇಂಕಾ ಅರಸನ ಹೆಸರು ಟುಪಾಕ್ ಅಮಾರು. ಆ ಹೆಸರನ್ನೇ ಇವನೂ ಧರಿಸಿದನು. ಸಾವಿರಾರು ರೈತರು ಹಿಂದೆ ಬಂದರು. 1781ರ ಮೇ 18ರಂದು ಕುಸ್ಕೊ ನಗರದ ಚೌಕದಲ್ಲಿ ಅವನ ಹೆಂಡತಿ ಮಿಕಾಯೇಲಾ ಬಾಸ್ತಿದಾಸಳನ್ನು ಅವನ ಕಣ್ಣೆದುರು ಕೊಂದು, ಅವನನ್ನೂ ಕೊಂದರು.

ಓದುಗರೇ ಗಮನಿಸಬೇಕು. ಎರಡು ಕಡೆಯೂ ಮಲೆಯ ರೈತರು. ಎರಡು ಕಡೆಯೂ ತೆರಿಗೆಯ ಹೊರೆ. ಎರಡು ಕಡೆಯೂ ಮೊದಲು ಸತ್ತವನು ಜನ ಕಣ್ಣಾರೆ ಕಂಡಿದ್ದ ಆಡಳಿತದ ಮನುಷ್ಯ. ಎರಡು ಕಡೆಯೂ ಕಳೆದುಹೋದ ಅರಸನ ಹೆಸರು ಧರಿಸಿದ ಮುಂದಾಳು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಲಪಿರಲಿಲ್ಲ. ಒಂದೇ ಬಗೆಯ ನೋವು ಒಂದೇ ಬಗೆಯ ದಾರಿಯನ್ನು ಹುಡುಕಿಕೊಂಡಿತು.

ಆ ಕಥೆಯಲ್ಲಿ ನಮ್ಮ ಧರ್ಮಸಭೆಯೂ ಇದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ದೊಮಿನಿಕನ್ ಸಭೆಯ ದೊಮಿಂಗೊ ದೆ ಸಾಂತೊ ತೊಮಾಸ್ ಎಂಬ ಗುರು 1560ರಲ್ಲಿಯೇ ಕ್ವೆಚುವಾ ಭಾಷೆಯ ಮೊದಲ ವ್ಯಾಕರಣವನ್ನು ಪ್ರಕಟಿಸಿದರು. ಸಂತ ತುರಿಬಿಯುಸ್ ಮಹಾಧರ್ಮಾಧ್ಯಕ್ಷರಾಗಿದ್ದಾಗ ಲಿಮಾದಲ್ಲಿ ನಡೆದ ಧರ್ಮಸಮ್ಮೇಳನದ ಫಲವಾಗಿ 1584ರಲ್ಲಿ ಸ್ಪಾನಿಷ್, ಕ್ವೆಚುವಾ ಮತ್ತು ಐಮಾರಾ ಭಾಷೆಗಳಲ್ಲಿ ಧರ್ಮೋಪದೇಶದ ಪುಸ್ತಕ ಅಚ್ಚಾಯಿತು. ಪೆರುವಿನಲ್ಲಿ ಅಚ್ಚಾದ ಮೊದಲ ಪುಸ್ತಕವೇ ಅದು. ಇದು ಒಂದು ಮುಖ. 1780ರಲ್ಲಿ ಕುಸ್ಕೊವಿನ ಧರ್ಮಾಧ್ಯಕ್ಷರು ದಂಗೆಯೆದ್ದವನನ್ನು ಧರ್ಮಸಭೆಯಿಂದ ಬಹಿಷ್ಕರಿಸಿದ್ದು ಇನ್ನೊಂದು ಮುಖ. ದಂಗೆ ಅಡಗಿದ ಮೇಲೆ ಸರಕಾರ ಇಂಕಾ ಉಡುಪನ್ನೂ ಬಿರುದುಗಳನ್ನೂ ನಿಷೇಧಿಸಿ, ಜನ ತಮ್ಮ ಮಾತನ್ನು ಬಿಟ್ಟು ಸ್ಪಾನಿಷ್ ಕಲಿಯಬೇಕೆಂದು ಆಜ್ಞೆ ಮಾಡಿತು. ಆ ಮಾತಿಗೆ ಪೆರುವಿನಲ್ಲಿ ಅಧಿಕೃತ ಭಾಷೆಯ ಸ್ಥಾನ ಸಿಕ್ಕಿದ್ದು 1975ರಲ್ಲಿ. ಮಧ್ಯದ ಸುಮಾರು 200 ವರ್ಷ ಮಕ್ಕಳು ಶಾಲೆಯಲ್ಲಿ ತಲೆತಗ್ಗಿಸಿ ಕುಳಿತರು.

ಹೆಸರು ಇಟ್ಟವರು ಯಾರು?

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಕಾಟಕಾಯಿ ಎಂಬ ಹೆಸರು ಎಲ್ಲಿಂದ ಬಂತು? ಮಂಗಳೂರಿನ ಪೇಟೆಯವರ ಅನುಭವದಿಂದ ಬಂತು. ಕಚೇರಿಗಳು ಸುಟ್ಟವು, ಸೆರೆಮನೆಯ ಬಾಗಿಲು ತೆರೆಯಿತು, ಮನೆಗಳಿಗೆ ಕನ್ನ ಬಿತ್ತು. ಬಾಗಿಲು ಭದ್ರಪಡಿಸಿ ಮಕ್ಕಳನ್ನು ಅವುಚಿಕೊಂಡು ಕುಳಿತ ಮನೆಯವರಿಗೆ ಅದು ಸೂರೆಯಲ್ಲದೆ ಬೇರೇನೂ ಅಲ್ಲ. ನಮ್ಮ ಸಮುದಾಯದ ಹಿರಿಯರಲ್ಲಿ ಬಹಳಷ್ಟು ಮಂದಿ ಪೇಟೆಯ ಸುತ್ತಮುತ್ತ ಇದ್ದವರು. ಶ್ರೀರಂಗಪಟ್ಟಣದ ಸೆರೆಯಿಂದ ಮರಳಿ ಇನ್ನೂ 40 ವರ್ಷಗಳಾಗಿರಲಿಲ್ಲ. ಗದ್ದಲವೆಂದರೆ ಅವರ ಎದೆ ನಡುಗುತ್ತಿದ್ದದ್ದು ಸಹಜ. ಅವರ ಭಯವನ್ನು ನಾವು ಹಗುರವಾಗಿ ಕಾಣಬಾರದು.

ಆದರೆ ಬರೆದಿಟ್ಟವರೂ ಒಂದೇ ಕಡೆಯವರು. ಕಂಪೆನಿಯ ಅಧಿಕಾರಿಗಳು ವರದಿ ಬರೆದರು. ಬಾಸೆಲ್ ಮಿಶನ್ನಿನ ಹೆರ್ಮನ್ ಮೊಗ್ಲಿಂಗ್ ಅವರು 1855ರಲ್ಲಿ ಪ್ರಕಟಿಸಿದ ಕೊಡಗಿನ ಚರಿತ್ರೆಯಲ್ಲಿ ಈ ದಂಗೆಯ ವಿವರವಿದೆ. ಅದೂ ಗೆದ್ದವರ ಮಗ್ಗುಲಿನಿಂದ ಕಂಡದ್ದು. ಸೋತವರ ಕಡೆ ಬರೆಯುವವರಿರಲಿಲ್ಲ. ಅವರ ಕಥೆ ಅಜ್ಜಿಯಂದಿರ ಬಾಯಲ್ಲಿ, ಅರೆಭಾಷೆಯಲ್ಲಿ, ಒಲೆಯ ಮುಂದೆ ಉಳಿಯಿತು. ಸುಬ್ರಹ್ಮಣ್ಯದ ಹತ್ತಿರದ ಕುಳ್ಕುಂದದಲ್ಲಿ 1924ರಲ್ಲಿ ಹುಟ್ಟಿದ ನಿರಂಜನರು 'ಕಲ್ಯಾಣಸ್ವಾಮಿ' ಕಾದಂಬರಿ ಬರೆದಾಗ ಆ ಒಲೆಯ ಮುಂದಿನ ಮಾತು ಕನ್ನಡದ ಓದುಗರನ್ನು ತಲಪಿತು. ಮುಂದೆ ಸುಳ್ಯದ ಸಂಶೋಧಕರು ದಾಖಲೆಗಳನ್ನು ಹುಡುಕಿ, ಮನೆಮನೆಯ ನೆನಪುಗಳನ್ನು ಸೇರಿಸಿ, ಅಮರ ಸುಳ್ಯದ ಸ್ವಾತಂತ್ರ್ಯ ಸಮರ ಎಂಬ ಹೆಸರನ್ನು ನಿಲ್ಲಿಸಿದರು. 2022ರ ನವೆಂಬರ್ 19ರಂದು ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಅನಾವರಣಗೊಂಡಿತು. ಯಾವ ಪೇಟೆ ಅವರನ್ನು ಸೂರೆಗಾರರೆಂದು ಕರೆದಿತ್ತೋ ಅದೇ ಪೇಟೆಯ ನಡುವೆ, ಅವರು ಬಾವುಟ ಏರಿಸಿದ ಗುಡ್ಡದ ಮೇಲೆ. ತಲಪಲು 185 ವರ್ಷಗಳು ಬೇಕಾದವು.

ಹಾಗಾದರೆ ಕಾಟಕಾಯಿ ಎಂಬುದು ಸುಳ್ಳೇ? ಸುಳ್ಳಲ್ಲ, ಅಪೂರ್ಣ. ಪೇಟೆಯ ತಾಯಿಯ ಭಯವೂ ನಿಜ, ಗದ್ದೆ ಅಡವಿಟ್ಟ ರೈತನ ಸಿಟ್ಟೂ ನಿಜ. ಆದರೆ ಭಯಕ್ಕೆ ಒಂದು ಹೆಸರಿತ್ತು, ಅದು ಗಾದೆಯಂತೆ ಉಳಿಯಿತು. ಸಿಟ್ಟಿಗೆ ಕಾರಣವಿತ್ತು, ಅದು ಮರೆತುಹೋಯಿತು. ಕಾರಣವನ್ನು ಮರೆತು ಹೆಸರನ್ನು ಮಾತ್ರ ಮಕ್ಕಳಿಗೆ ಕೊಟ್ಟದ್ದು ನಮ್ಮ ಹಿರಿಯರ ತಪ್ಪಲ್ಲದಿದ್ದರೂ, ಹಾಗೆಯೇ ಮುಂದುವರಿಸಿದರೆ ಅದು ನಮ್ಮ ತಪ್ಪಾಗುತ್ತದೆ.

ಅರೆಯಲ್ಲದ ಭಾಷೆ

ಕೊನೆಗೆ ಭಾಷೆಯ ಮಾತು. ಅರೆಭಾಷೆ ಎಂದರೆ ಅರ್ಧ ಭಾಷೆ ಎಂದು ಜನ ಅರ್ಥ ಮಾಡುತ್ತಾರೆ. ಕ್ವೆಚುವಾ ಜನ ತಮ್ಮ ಮಾತನ್ನು ರುನಾಸಿಮಿ ಎನ್ನುತ್ತಾರೆ. ಅಂದರೆ ಮನುಷ್ಯರ ಮಾತು. ಎಷ್ಟು ವ್ಯತ್ಯಾಸ! ಯಾವ ತಾಯಿಯೂ ಮಗುವಿಗೆ ಅರ್ಧ ಭಾಷೆಯಲ್ಲಿ ಜೋಗುಳ ಹಾಡುವುದಿಲ್ಲ. ನಾವು ಹಿಂದೆ ಸೇವೆಯಲ್ಲಿದ್ದ ಒಂದು ಊರಿನ ಶಾಲೆಯಲ್ಲಿ ಹುಡುಗನೊಬ್ಬ, 'ಇದೆ' ಎನ್ನಬೇಕಾದಲ್ಲಿ ಮನೆಯ ರೂಢಿಯಂತೆ 'ಉಟ್ಟು' ಎಂದ. ತರಗತಿಯೆಲ್ಲ ನಕ್ಕಿತು. ನಕ್ಕವರಲ್ಲಿ ನಮ್ಮ ಧರ್ಮಕೇಂದ್ರದ ಮಕ್ಕಳೂ ಇದ್ದರು. ಸತ್ಯ ಹೇಳಬೇಕೆಂದರೆ ನಾವೂ ಮುಗುಳ್ನಕ್ಕೆವು. ಆ ಹುಡುಗ ಆಮೇಲೆ ಆ ವರ್ಷವೆಲ್ಲ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟ. ಆ ಮೌನ ನಮ್ಮನ್ನು ಇಂದಿಗೂ ಚುಚ್ಚುತ್ತದೆ.

ಅವನು ಹೇಳಿದ್ದು ತಪ್ಪು ಕನ್ನಡವಲ್ಲ, ತನ್ನದೇ ನಿಯಮವುಳ್ಳ ಇನ್ನೊಂದು ಕನ್ನಡ ಎಂಬುದನ್ನು ಪೆರಾಜೆಯವರಾದ ಭಾಷಾವಿಜ್ಞಾನಿ ಕೋಡಿ ಕುಶಾಲಪ್ಪ ಗೌಡರು ಬಹಳ ಹಿಂದೆಯೇ ತೋರಿಸಿದ್ದರು. ಈ ಮಾತಿನ ಕುರಿತ ಅವರ 'ಗೌಡ ಕನ್ನಡ' ಎಂಬ ಗ್ರಂಥವನ್ನು ಅಣ್ಣಾಮಲೈ ವಿಶ್ವವಿದ್ಯಾಲಯ 1970ರಲ್ಲಿ ಪ್ರಕಟಿಸಿತು. 2011ರ ಡಿಸೆಂಬರ್‌ನಲ್ಲಿ ಕರ್ನಾಟಕ ಸರಕಾರ ಅರೆಭಾಷೆ ಸಂಸ್ಕೃತಿ ಮತ್ತು ಸಾಹಿತ್ಯ ಅಕಾಡೆಮಿಯನ್ನು ಸ್ಥಾಪಿಸಿತು. ಡಿಸೆಂಬರ್ 15ನ್ನು ಅರೆಭಾಷೆ ದಿನವಾಗಿ ಆಚರಿಸುತ್ತಾರೆ. ಕಥೆ, ಕವನ, ನಾಟಕ ಆ ಭಾಷೆಯಲ್ಲಿ ಅಚ್ಚಾಗುತ್ತಿವೆ.

ಕೊಂಕಣಿ ಮಾತನಾಡುವ ನಮಗೆ ಇದು ಅರ್ಥವಾಗಲೇಬೇಕು. ಫಾದರ್ ಥಾಮಸ್ ಸ್ಟೀಫನ್ಸ್ ಅವರ ಕೊಂಕಣಿ ಧರ್ಮೋಪದೇಶ 1622ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. ಅದೇ ಗೋವೆಯಲ್ಲಿ 1684ರಲ್ಲಿ ಪೋರ್ಚುಗೀಸ್ ವೈಸರಾಯ್ ಕೊಂಕಣಿಯನ್ನು ಬಿಟ್ಟುಬಿಡಬೇಕೆಂದು ಜನರಿಗೆ ಆಜ್ಞೆ ಹೊರಡಿಸಿದನು. ಆ ಮಾತನ್ನು ಅಡುಗೆಮನೆಯಲ್ಲಿ, ಪ್ರಾರ್ಥನೆಯಲ್ಲಿ ಬಿಡದೆ ಉಳಿಸಿಕೊಂಡ ಜನರ ಮಕ್ಕಳು ನಾವು. ಸಂವಿಧಾನದ ಎಂಟನೇ ಅನುಸೂಚಿಯಲ್ಲಿ ಕೊಂಕಣಿಗೆ ಸ್ಥಾನ ಸಿಕ್ಕಿದ್ದು 1992ರಲ್ಲಿ. ಇಂತಹ ನಾವು ಇನ್ನೊಬ್ಬರ ಮನೆಮಾತನ್ನು ಕೇಳಿ ನಗುವುದು ಹೇಗೆ?

ಪಂಚಾಶತ್ತಮ ಹಬ್ಬದ ದಿನ ಪ್ರೇಷಿತರು ಮಾತನಾಡಿದಾಗ ನೆರೆದವರೆಲ್ಲರೂ ಅದನ್ನು ತಂತಮ್ಮ ಭಾಷೆಯಲ್ಲಿ ಕೇಳಿದರು ಎಂದು ನಾವು ವರ್ಷವರ್ಷವೂ ಓದುತ್ತೇವೆ. ಎಲ್ಲರೂ ಒಂದೇ ಭಾಷೆಗೆ ಬದಲಾದರು ಎಂದು ಅಲ್ಲಿಲ್ಲ.

ಆದ್ದರಿಂದ ಒಂದು ಸಣ್ಣ ವಿನಂತಿ. ಈ ಬಾರಿ ಸುಳ್ಯದ ಕಡೆಗೆ ಹೋಗುವಾಗ ಮಕ್ಕಳನ್ನು ಉಬರಡ್ಕದ ಮದುವೆಗದ್ದೆಗೂ ಬೆಳ್ಳಾರೆಗೂ ಕರೆದುಕೊಂಡು ಹೋಗಿ. ಮಂಗಳೂರಿಗೆ ಹೋದಾಗ ಬಾವುಟಗುಡ್ಡೆಯಲ್ಲಿ ಐದು ನಿಮಿಷ ನಿಲ್ಲಿ. ನೆರೆಮನೆಯ ಅಜ್ಜಿಯ ಹತ್ತಿರ ಆ ಕಥೆಯನ್ನು ಅವರ ಮಾತಿನಲ್ಲಿಯೇ ಹೇಳಿಸಿ ಕೇಳಿ. ಎಲ್ಲವೂ ಅರ್ಥವಾಗದಿದ್ದರೂ ಚಿಂತೆಯಿಲ್ಲ. ಮನೆಯಲ್ಲಿ ಮಕ್ಕಳು ಗದ್ದಲ ಮಾಡಿದಾಗ ಬೈಯಲು ಬೇರೆ ಪದಗಳಿವೆ. ಕಾಟಕಾಯಿ ಎಂಬ ಪದ ಬಾಯಿಗೆ ಬಂದರೆ, ಅದರ ಹಿಂದಿನ ಭತ್ತದ ಕಥೆಯನ್ನೂ ಆ ಮಕ್ಕಳಿಗೆ ಹೇಳಿ.